ಅಲ್ಯೂಮಿನಿಯಂ ಹುಡಿ ತುಂಬಿದ ಡ್ರಮ್ಮಿನ ಮುಚ್ಚಳ ಬಿಗಿಯಬೇಡಿ

ಕಾರವಾರದ ಮಳೆಗಾಲ ಗೊತ್ತಲ್ವಾ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅಂಥ ಒಂದು ಜೂನ್ ಬೆಳಿಗ್ಗೆ ಶಿರವಾಡದ ನಮ್ಮ ವರ್ಕ್‌ಶಾಪಿನ ಬಾಗಿಲು ತೆಗೆದರೆ, ಮೂಲೆಯ ಡ್ರಮ್ಮಿನ ಮುಚ್ಚಳ ಉಬ್ಬಿ ನಿಂತಿತ್ತು. ಹತ್ತಿರ ಹೋದರೆ ಬಿಸಿ ತಾಗುತ್ತಿತ್ತು.

ಒಳಗಿದ್ದದ್ದು ಅಲ್ಯೂಮಿನಿಯಂ ಉಜ್ಜಿದಾಗ ಬಿದ್ದ ಹುಡಿ. ಹಿಂದಿನ ದಿನ ಒದ್ದೆ ನೆಲದಿಂದ ಗುಡಿಸಿ, ತುಂಬಿ, ಮುಚ್ಚಳ ಬಿಗಿದಿದ್ದೆವು. ಅಲ್ಯೂಮಿನಿಯಂ ಹುಡಿಗೆ ನೀರು ತಾಗಿದರೆ ಹೈಡ್ರೋಜನ್ ಹುಟ್ಟುತ್ತದೆ, ಬಿಸಿಯೂ ಏರುತ್ತದೆ. ಒಂದು ಕಿಡಿ ಸಾಕು. ಹುಡುಗರನ್ನು ಹೊರಗೆ ಕಳಿಸಿ, ಒಂದು ಸ್ವಿಚ್ಚೂ ಮುಟ್ಟದೆ, ಬಾಗಿಲು ಹಾರುಹೊಡೆದು ದೂರ ನಿಂತೆವು. ಆ ಎರಡು ತಾಸು ನನಗೆ ಇವತ್ತಿಗೂ ಮರೆತಿಲ್ಲ.

2014ರ ಆಗಸ್ಟ್‌ನಲ್ಲಿ ಚೀನಾದ ಕುನ್‌ಶಾನ್‌ನಲ್ಲಿ ಗಾಡಿ ಚಕ್ರ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದೇ ಲೋಹದ ಹುಡಿ ಸ್ಫೋಟಿಸಿ 146 ಜನ ಸತ್ತರು. ನಮ್ಮದು ಸಣ್ಣ ಶೆಡ್, ನಿಜ. ಆದರೆ ಹುಡಿಯ ಗುಣ ಅದೇ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹುಡಿಯನ್ನು ಒಂದೇ ಚೀಲಕ್ಕೆ ಹಾಕಬೇಡಿ. ತುಕ್ಕು ಮತ್ತು ಅಲ್ಯೂಮಿನಿಯಂ ಹುಡಿ ಸೇರಿದರೆ ರೈಲು ಹಳಿ ಬೆಸೆಯುವಷ್ಟು ಶಾಖ ಕೊಡುವ ಮಿಶ್ರಣ ಅದು. ಒಂದೇ ಗ್ರೈಂಡರಿನಲ್ಲಿ ಎರಡನ್ನೂ ಉಜ್ಜುವುದೂ ಬೇಡ. ಏರ್ ಹೊಡೆದು ಹುಡಿ ಹಾರಿಸುವ ಅಭ್ಯಾಸ ಎಲ್ಲ ಕಡೆ ಇದೆ, ನಮ್ಮಲ್ಲೂ ಇತ್ತು, ಬಿಟ್ಟೆವು. ಮೆತ್ತಗಿನ ಪೊರಕೆ ಸಾಕು. ಹುಡಿ ಪೂರ್ತಿ ಒಣಗಿರಲಿ, ಡ್ರಮ್ಮಿನಲ್ಲಿ ಗಾಳಿ ಹೋಗಲು ದಾರಿ ಇರಲಿ. ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ. ಚೆನ್ನಾಗಿ ಒಣಗಿದ ಮರಳಿನಿಂದ ನಿಧಾನವಾಗಿ ಮುಚ್ಚಬೇಕು. ಬೀಚಿನ ಒದ್ದೆ ಮರಳು ಆಗುವುದಿಲ್ಲ.

"ಆ ಹುಡಿಗೆ ಏನು ಬೆಲೆ, ಗಟಾರಕ್ಕೆ ಹಾಕಿ" ಅಂತ ಹೇಳುವವರೂ ಇದ್ದಾರೆ. ಗಟಾರದ ನೀರು ಕೊನೆಗೆ ಹೋಗುವುದು ನಮ್ಮ ಕಾಳಿ ನದಿಗೆ, ಸಮುದ್ರಕ್ಕೆ. ಬೆಲೆಯೂ ಇದೆ: ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇ 5ರಷ್ಟರಲ್ಲೇ ಹಳೆಯದನ್ನು ಕರಗಿಸಬಹುದು. ಹುಡಿಯನ್ನು ಹಾಗೇ ಕುಲುಮೆಗೆ ಹಾಕಿದರೆ ಕರಗುವ ಮೊದಲೇ ಬಹಳಷ್ಟು ಉರಿದುಹೋಗುತ್ತದೆ. ಹಾಗಾಗಿ ಒತ್ತಿ ಗಟ್ಟಿ ಮಾಡುತ್ತಾರೆ. ಅದು ಅನುಭವ ಇದ್ದವರ ಕೆಲಸ, ನಾವು ಶೆಡ್ಡಿನಲ್ಲಿ ಪ್ರಯೋಗ ಮಾಡುವುದಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಒಬ್ಬೊಬ್ಬರ ಒಂದೆರಡು ಚೀಲಕ್ಕೆ ಅವರು ಬರುವುದಿಲ್ಲ. ಅಕ್ಕಪಕ್ಕದ ವರ್ಕ್‌ಶಾಪಿನವರು ಸೇರಿದರೆ ಒಂದೇ ಗಾಡಿಯಲ್ಲಿ ಕಳಿಸಬಹುದು. ಈ ಸಲ ಮಳೆ ಹಿಡಿಯುವ ಮೊದಲೇ ಕಳಿಸೋಣ. ಮೊದಲ ಗಾಡಿಯ ಅರ್ಧ ಬಾಡಿಗೆ ನಾನು ಕೊಡುತ್ತೇನೆ.