ಕಾಗದದಲ್ಲಿ ಇಲ್ಲದ ಒಂದು ರಾತ್ರಿ

ನಮ್ಮ ಅಣ್ಣನ ಮಗ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಸೀರೆಗಿಷ್ಟು ಅಂತ ಮಜೂರಿ. ಯುಗಾದಿ ಆದ ಮೂರನೇ ದಿನ ಹೋದರೆ ಮಗ್ಗ ಬಂದ್, ಹುಡುಗ ಗೋಡೆಗೆ ಒರಗಿ ಕೂತಿದ್ದ. ಅಂಗಾಲು ಬಾತಿತ್ತು. "ಏನಾತೋ ತಮ್ಮಾ?" ಅಂದೆ. "ಏನಿಲ್ಲ ಕಾಕಾ, ಬಿದ್ದೆ" ಅಂದ. ಬಿದ್ದರೆ ಎರಡೂ ಅಂಗಾಲು ಬಾತುಕೊಳ್ತವಾ?

ಓಣಿಯಲ್ಲಿ ಒಂದು ಬೈಕ್ ಕಳುವಾಗಿತ್ತು. ಠಾಣೆಯಿಂದ ಫೋನ್ ಬಂತು, "ಸ್ವಲ್ಪ ಬಂದು ಹೋಗು". ಹೋದವನನ್ನು ರಾತ್ರಿಯಿಡೀ ಕೂರಿಸಿಕೊಂಡರು. ಲಾಠಿ ಮುಗಿದ ಮೇಲೆ "ಏರೋಪ್ಲೇನ್ ಹತ್ತಿಸ್ತೀನಿ" ಅಂತ ಹೆದರಿಸಿದರು. ಕೈ ಹಿಂದೆ ಕಟ್ಟಿ ಮೇಲಕ್ಕೆ ನೇತುಹಾಕೋದಕ್ಕೆ ಅವರಲ್ಲಿ ಆ ಹೆಸರು. ಬೆಳಗ್ಗೆ ಬೈಕ್ ಬೇರೆಲ್ಲೋ ಸಿಕ್ಕಿತು. "ನಡಿ ಮನಿಗೆ" ಅಂದರು. ಅಷ್ಟೇ. ಅವನು ಅಲ್ಲಿದ್ದ ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ.

ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 11 ನಿಯಮ ಹಾಕಿತು. ಹಿಡಿಯೋ ಪೊಲೀಸರ ಅಂಗಿ ಮೇಲೆ ಅವರ ಹೆಸರಿನ ಬಿಲ್ಲೆ ಇರಬೇಕು. ಬಂಧನ ಪತ್ರಕ್ಕೆ ಸಾಕ್ಷಿ ಸಹಿ ಬೇಕು. ಮನೆಯವರಿಗೆ ತಿಳಿಸಬೇಕು. ಕಸ್ಟಡಿಯಲ್ಲಿದ್ದಷ್ಟು ದಿನ 48 ತಾಸಿಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಸಂವಿಧಾನದ 22ನೇ ವಿಧಿಯಂತೆ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧಿಸದೆ ವಿಚಾರಣೆಗೆ ಕರೆಯೋದಕ್ಕೂ ನೋಟಿಸ್ ಕೊಡಬೇಕು ಅಂತ ಕಾನೂನಿದೆ. ಹೀಗೆ ಸುಮ್ನೆ ಕೂರಿಸಿಕೊಳ್ಳೋದೂ ತಪ್ಪೇ. ಆದರೆ ಕಾಗದವೇ ಹುಟ್ಟದಿದ್ದರೆ 24 ತಾಸನ್ನು ಎಲ್ಲಿಂದ ಎಣಿಸೋದು? ಏಟು ಬೀಳೋದು ಪೆನ್ನು ತೆಗೆಯೋದಕ್ಕಿಂತ ಮುಂಚೆ.

ಅದಕ್ಕೇ ನನಗೆ ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ ತೀರ್ಪು ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಗೇಟು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಹಿತ್ತಲು ಕೂಡ ಬಿಡಬಾರದು ಅಂತ ಕೋರ್ಟ್ ಹೇಳಿತು. ರಾತ್ರಿ ಕಾಣಬೇಕು, ದನಿಯೂ ಕೇಳಬೇಕು. ರೆಕಾರ್ಡಿಂಗ್ 18 ತಿಂಗಳು, ಆಗದಿದ್ದರೆ ಕಡೇಪಕ್ಷ ಒಂದು ವರ್ಷ ಇಡಬೇಕು. ಕ್ಯಾಮೆರಾಕ್ಕೆ ಬಂಧನ ಪತ್ರ ಬೇಕಿಲ್ಲ, ಬಾಗಿಲು ದಾಟಿದವನು ದಾಖಲಾದ. ಆದರೆ 2025ರ ಸೆಪ್ಟೆಂಬರ್‌ನಲ್ಲಿ, ಕ್ಯಾಮೆರಾಗಳು ನಡೀತಿಲ್ಲ ಅಂತ ಅದೇ ಕೋರ್ಟ್ ತಾನಾಗಿಯೇ ಮತ್ತೆ ಕೇಸು ತೆಗೆದುಕೊಳ್ಳಬೇಕಾಯಿತು!

ಹಿಂಸೆ ತಡೆಯೋ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಮಾತ್ರ ಇವತ್ತಿಗೂ ಕೊಟ್ಟಿಲ್ಲ. 2010ರಲ್ಲಿ ಒಂದು ಮಸೂದೆ ಲೋಕಸಭೆಯನ್ನು ದಾಟಿ ರಾಜ್ಯಸಭೆಯಲ್ಲಿ ಸಿಕ್ಕಿಹಾಕಿಕೊಂಡಿತು. ಅದರ ಕಥೆ ಅಲ್ಲಿಗೇ ಮುಗೀತು.

ಇನ್ನು ನಮ್ಮ ಮಾತು. ಮಗ ಕುಡಿದು ಬಂದರೆ ಠಾಣೆಗೆ ಕರೆದುಕೊಂಡು ಹೋಗಿ "ಎರಡು ಬಿಡ್ರಿ ಸಾಹೇಬ್ರ, ಬುದ್ಧಿ ಬರ್ಲಿ" ಅಂತ ಕೈ ಮುಗಿಯೋ ಅಪ್ಪಂದಿರು ನಮ್ಮ ಓಣಿಯಲ್ಲೇ ಇದ್ದಾರೆ. ಬೈಕ್ ಕಳೆದುಕೊಂಡವನೂ "ಒದ್ದು ಬಾಯಿ ಬಿಡಿಸ್ರಿ" ಅಂದಿದ್ದನಂತೆ. ಒದ್ದು ಹೇಳಿಸಿದ್ದು ಹೋಗಲಿ, ಪೊಲೀಸರ ಮುಂದೆ ಒಪ್ಪಿಕೊಂಡದ್ದೇ ಕೋರ್ಟಿನಲ್ಲಿ ಆರೋಪಿಯ ಮೇಲೆ ಸಾಕ್ಷಿಯಾಗೋದಿಲ್ಲ. ಬ್ರಿಟಿಷರ ಕಾಲದ ಕಾನೂನಿನಲ್ಲೇ ಇದಿತ್ತು. ಅವರಿಗೇ ಆಗ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ ನೋಡಿ.

ನನ್ನನ್ನು ಹೆಚ್ಚು ಕಾಡಿದ್ದು ಒಡಿಶಾದ ನೀಲಾಬತಿ ಬೆಹೆರಾ. 1987ರಲ್ಲಿ ಪೊಲೀಸರು 22 ವರ್ಷದ ಮಗನನ್ನು ಕರೆದೊಯ್ದರು. ಮರುದಿನ ರೈಲು ಹಳಿ ಮೇಲೆ ಹೆಣ ಸಿಕ್ಕಿತು. ಆ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ಪತ್ರವೇ ಅರ್ಜಿಯಾಯಿತು. 1993ರಲ್ಲಿ ಕೋರ್ಟ್ ಒಂದೂವರೆ ಲಕ್ಷ ಪರಿಹಾರ ಕೊಡಿಸಿತು. ಬಸು ಪ್ರಕರಣ ಶುರುವಾದದ್ದೂ ಒಂದು ಪತ್ರದಿಂದಲೇ.

ಇದನ್ನು ಹುಡುಗನ ಅವ್ವನಿಗೆ, ನಮ್ಮ ವೈನಿಗೆ ಹೇಳಿದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯೋಣ, ಆ ರಾತ್ರಿಯ ರೆಕಾರ್ಡಿಂಗ್ ತರಿಸೋ ಅಧಿಕಾರ ಅವರಿಗಿದೆ ಅಂದೆ. ಮುಖ ನೋಡದೇ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಾ ಅಂದರು, "ನೀವು ಬಾಗಲಕೋಟ್ಯಾಗ ಇರ್ತೀರಿ. ಅವ ದಿನಾ ಆ ಠಾಣೆ ಮುಂದ ಹಾಯ್ದು ಮಗ್ಗಕ್ಕ ಹೋಗಬೇಕು."

ಅರ್ಜಿ ಬರೆದಿಟ್ಟಿದ್ದೇನೆ. ಹುಡುಗ ಸಹಿ ಹಾಕಿಲ್ಲ. ಹೋದ ವಾರ ಮಾತ್ರ ತಾನೇ ಫೋನ್ ಮಾಡಿ ಕೇಳಿದ: "ಕಾಕಾ, ಅದು ಒಂದ್ ವರ್ಷ ಇರ್ತತಿ ಅಂದಿದ್ರಿ ಅಲ್ಲ? ಮುಂದಿನ ಯುಗಾದಿ ತನಕಾ?"