ವೆರೋನಾಗೆ ಹೋಗಿ ಏಳಕ್ಕೇ ಊಟ ಮಾಡಿ ಮಲಗೋದಾ?

ನಮ್ಮ ಭಾವ ಇವತ್ತು ಇಟಲಿ ಟೂರ್ ಪ್ಯಾಕೇಜಿನ ಪಟ್ಟಿ ಕಳಿಸಿದ್ದಾರೆ. ಓದಿ ಮೈ ಉರಿಯಿತು. ವೆರೋನಾ: ಮಧ್ಯಾಹ್ನ ಜೂಲಿಯೆಟ್ ಬಾಲ್ಕನಿ (ಶೇಕ್ಸ್‌ಪಿಯರ್ ನಾಟಕದ ರೋಮಿಯೋನ ಜೂಲಿಯೆಟ್), ಫೋಟೋ, ಶಾಪಿಂಗ್. ಏಳಕ್ಕೆ ಇಂಡಿಯನ್ ಡಿನ್ನರ್. ರಾತ್ರಿ ಹೋಟೆಲ್‌ನಲ್ಲಿ ವಿಶ್ರಾಂತಿ. ಆ ಹೋಟೆಲೋ, ಊರಾಚೆ ಹೈವೇ ಪಕ್ಕ!

ಜುಲೈ ತಿಂಗಳಲ್ಲಿ, ವೆರೋನಾದಲ್ಲಿ, ರಾತ್ರಿ ವಿಶ್ರಾಂತಿಯಂತೆ.

ಆ ಬಾಲ್ಕನಿ ಇದೆಯಲ್ಲ, ಮನೆ ಹಳೆಯದೇ, ಬಾಲ್ಕನಿ ಮಾತ್ರ ಇಪ್ಪತ್ತನೇ ಶತಮಾನದಲ್ಲಿ ಅಂಟಿಸಿದ್ದು. ಅದಕ್ಕೆ ಕ್ಯೂ ನಿಲ್ಲಿಸುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಅರೇನಾ ಇದೆ, ಒಂದನೇ ಶತಮಾನದ ರೋಮನ್ ಬಯಲು ರಂಗಮಂದಿರ. 1117ರ ಭೂಕಂಪದ ನಂತರ ಹೊರಗೋಡೆಯಲ್ಲಿ ಉಳಿದಿರುವುದು ನಾಲ್ಕೇ ಕಮಾನು. ಒಳಗೆ ಗಟ್ಟಿಮುಟ್ಟಾಗಿದೆ. 1913ರಲ್ಲಿ ಇಟಲಿಯ ಸಂಗೀತಗಾರ ವೆರ್ದಿಯ 'ಆಯಿದಾ' ಆಡಿದ ಮೇಲೆ ಬೇಸಿಗೆ ಬಂತೆಂದರೆ ಅಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಶುರುವಾಗುವುದೇ ರಾತ್ರಿ ಒಂಬತ್ತರ ಸುಮಾರಿಗೆ. ನಮ್ಮ ಟೂರಿನವರು ಆಗ ಗೊರಕೆ ಹೊಡೆಯುತ್ತಿರುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ಒಪೆರಾದ ಗಂಧಗಾಳಿ ಇಲ್ಲ. ಒಮ್ಮೆ ಅಲ್ಲಿ ನೋಡಲು ಹೋದಾಗ ಮೂರನೇ ಅಂಕದಲ್ಲಿ ತೂಕಡಿಸಿದ್ದೂ ಹೌದು. ಆದರೆ ಮೇಲಿನ ಕಲ್ಲಿನ ಮೆಟ್ಟಿಲಲ್ಲಿ ಕೂತಿದ್ದೆ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು, ರಾತ್ರಿಯೂ ಬೆಚ್ಚಗಿತ್ತು. (ದಿಂಬು ಬಾಡಿಗೆಗೆ ಸಿಗುತ್ತೆ, ಜುಗ್ಗತನ ಮಾಡಬೇಡಿ.) ಕತ್ತಲಾಗುತ್ತಿದ್ದಂತೆ ಸುತ್ತ ಕೂತವರು ಪುಟ್ಟ ಪುಟ್ಟ ಮೇಣದಬತ್ತಿ ಹಚ್ಚಿದರು. ನನ್ನ ಪಕ್ಕದ ಅಜ್ಜಿ ತನ್ನ ಬತ್ತಿಯಿಂದ ನನ್ನದನ್ನೂ ಹಚ್ಚಿಕೊಟ್ಟರು. ಇದನ್ನು ಯಾವ ಬಾಲ್ಕನಿ ಕೊಡುತ್ತೆ ಹೇಳಿ?

ಒಪೆರಾ ಬೇಡವೆಂದರೆ ಬಿಡಿ. ಅರೇನಾ ಎದುರಿನ ಚೌಕ ಪಿಯಾತ್ಸಾ ಬ್ರಾದ ಕಲ್ಲುಹಾಸಿನ ಮೇಲೆ ಸುಮ್ನೆ ಅಡ್ಡಾಡಿ, ಕಾಸು ಖರ್ಚಿಲ್ಲ. ಎರ್ಬೆ ಚೌಕದಲ್ಲಿ ಒಂದು ಸ್ಪ್ರಿಟ್ಸ್ (ವೈನ್ ಬೆರೆಸಿದ ಪಾನೀಯ) ಹಿಡಿದು ಕೂತರೆ ಜೊತೆಗೆ ಚಿಪ್ಸು, ಆಲಿವ್ ಬರುತ್ತೆ. ಕುಡಿಯದವರಿಗೆ ಜೆಲಾಟೊ, ಅಂದರೆ ಇಟಲಿಯ ಐಸ್‌ಕ್ರೀಮ್, ಇದೆ. ನೈಟ್‌ಲೈಫ್ ಅಂದ ತಕ್ಷಣ ಡಿಸ್ಕೋ ನೆನಪಾಗಿ ಮುಖ ಸಿಂಡರಿಸುವ ನಮ್ಮ ದೊಡ್ಡವರು ಅಲ್ಲಿ ಒಮ್ಮೆ ಕೂರಬೇಕು. ಮೊಮ್ಮಕ್ಕಳ ಜೊತೆ ಅಜ್ಜ ಅಜ್ಜಿಯರು ರಾತ್ರಿ ಹನ್ನೊಂದಕ್ಕೆ ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಿರುತ್ತಾರೆ.

ಈ ಮಾತು ತೆಗೆದರೆ ಟೂರಿನವರ ಹತ್ತಿರ ಉತ್ತರ ರೆಡಿ. ಯುರೋಪಿನಲ್ಲಿ ಬಸ್ ಡ್ರೈವರ್‌ಗೆ ದಿನಾ ಇಂತಿಷ್ಟು ಗಂಟೆ ವಿಶ್ರಾಂತಿ ಕೊಡಲೇಬೇಕು ಸಾರ್, ಕಾನೂನು. ಒಳ್ಳೆ ಕಾನೂನೇ. ಹಾಗಾದರೆ ಊರೊಳಗೆ ಹೋಟೆಲ್ ಹಾಕಿ, ನಾವು ನಡೆದುಕೊಂಡು ಹೋಗುತ್ತೇವೆ. ಡ್ರೈವರ್ ಮಲಗಲಿ ಪಾಪ. ನಮ್ಮನ್ನು ಯಾಕೆ ಮಲಗಿಸುತ್ತೀರಿ?