ಕೊಂಬಿನ ಅಳತೆ ಇರಲಿ, ಬೇಟೆಗಾರನ ಹೆಸರು ಬೇಡ

ನವೆಂಬರ್ ಬಂತು ಅಂದ್ರೆ ನಾನಿರುವ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ಸೀಸನ್. ಫೇಸ್‌ಬುಕ್ ತುಂಬ ಕೊಂಬು ಹಿಡಿದು ನಿಂತವರ ಫೋಟೋ. ಕೆಳಗೆ ಎಲ್ಲರದ್ದೂ ಒಂದೇ ಪ್ರಶ್ನೆ, ಸ್ಕೋರ್ ಎಷ್ಟು? ಊರಿನ ಗೆಳೆಯರು ಇದನ್ನೆಲ್ಲ ನೋಡಿ, ಸತ್ತ ಪ್ರಾಣಿಗೂ ಮಾರ್ಕ್ಸ್ ಕೊಡ್ತಾರಾ ಅಂತ ಕೇಳುತ್ತಾರೆ. ಅಳೆಯೋದರ ಬಗ್ಗೆ ನನಗೆ ತಕರಾರಿಲ್ಲ. ದಾಖಲೆ ಪುಸ್ತಕದಲ್ಲಿ ಆ ಅಂಕಿಯ ಪಕ್ಕದಲ್ಲಿ ಬೇಟೆಗಾರನ ಹೆಸರು ಯಾಕೆ ಅನ್ನೋದೇ ನನ್ನ ತಕರಾರು.

ಅಳೆಯುವ ಕೆಲಸ ನೋಡಿದರೆ ನಿಜಕ್ಕೂ ಗೌರವ ಬರುತ್ತೆ. ನಮ್ಮ ಪಕ್ಕದ ಊರಿನಲ್ಲಿ, ಈ ದಾಖಲೆ ಪುಸ್ತಕ ಇಡುವ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಅಧಿಕೃತ ಅಳತೆಗಾರರೊಬ್ಬರಿದ್ದಾರೆ, ನಿವೃತ್ತರು, ಒಂದು ಪೈಸೆ ತಗೊಳ್ಳಲ್ಲ. ಜಿಂಕೆ ಹೊಡೆದ ಮೇಲೆ ಕೊಂಬು 60 ದಿನ ಒಣಗಲೇಬೇಕು, ಯಾಕೆಂದರೆ ಒಣಗುತ್ತಾ ಅದು ಸ್ವಲ್ಪ ಕುಗ್ಗುತ್ತೆ. ಆಮೇಲೆ ಕಾಲಿಂಚು ಅಗಲದ ಸ್ಟೀಲ್ ಟೇಪ್ ಹಿಡಿದು ಕೂರುತ್ತಾರೆ. ಪ್ರತಿ ಕೊಂಬಿನ ಉದ್ದ, ಒಂದೊಂದು ಕವಲಿನ ಉದ್ದ, ನಾಲ್ಕು ಕಡೆ ಸುತ್ತಳತೆ, ಎರಡು ಕೊಂಬುಗಳ ಮಧ್ಯದ ಅಗಲ, ಎಲ್ಲವೂ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. ಅದನ್ನೆಲ್ಲ ಕೂಡಿಸಿದರೆ ಬರೋದೇ ಸ್ಕೋರ್. ಒಂದು ಇಂಚಾದರೂ ಇಲ್ಲದ ಮೊನೆಯನ್ನು ಕವಲು ಅಂತ ಎಣಿಸೋದೇ ಇಲ್ಲ. ಎಡಗಡೆಯ ಕವಲು ಹತ್ತಿಂಚು, ಬಲಗಡೆಯದು ಎಂಟು ಅಂದ್ರೆ ವ್ಯತ್ಯಾಸದ ಎರಡಿಂಚು ಕಳೆಯುತ್ತಾರೆ. ಬೇಟೆಗಾರರಿಗೆ ಈ ಕಳೆಯೋದರ ಮೇಲೇ ಸಿಟ್ಟು, ಜಿಂಕೆ ಬೆಳೆಸಿದ್ದನ್ನ ನೀವ್ಯಾಕೆ ಕಿತ್ಕೊಳ್ತೀರಿ ಅಂತ. ಅಡ್ಡಾದಿಡ್ಡಿ ಕವಲುಗಳಿರುವ ಕೊಂಬಿಗೆ ಬೇರೆ ಪಟ್ಟಿ ಇದೆ, ಅಲ್ಲಿ ಅವನ್ನೂ ಕೂಡಿಸುತ್ತಾರೆ. ಇಲ್ಲಿ ಬೇಟೆಯಾಡುವ ವೈಟ್‌ಟೇಲ್ ಜಾತಿಯ ಜಿಂಕೆ ಕ್ಲಬ್ಬಿನ ಸಾರ್ವಕಾಲಿಕ ಪುಸ್ತಕಕ್ಕೆ ಸೇರೋಕೆ ಮಾಮೂಲಿ ಕೊಂಬಾದರೆ ಕನಿಷ್ಠ 170 ಬೇಕು, ಅಡ್ಡಾದಿಡ್ಡಿಯಾದರೆ 195.

ಈಗ ಆ ಎರಡನೇ ಪಟ್ಟಿಯ ತುದಿ ನೋಡಿ. ಮೊದಲ ಸ್ಥಾನ 333 7/8, 1981ರಲ್ಲಿ ಮಿಸೌರಿಯಲ್ಲಿ ಸತ್ತು ಬಿದ್ದಿದ್ದ ಜಿಂಕೆ. ಎರಡನೆಯದು 328 2/8, ಅದೂ 1940ರಲ್ಲಿ ಓಹಾಯೋದಲ್ಲಿ ರೈಲು ಹಳಿ ಪಕ್ಕ ಸತ್ತು ಸಿಕ್ಕಿದ್ದು. ಎರಡನ್ನೂ ಯಾವ ಬೇಟೆಗಾರನೂ ಹೊಡೆದಿಲ್ಲ! ಹಾಗಾದ್ರೆ ಆ ಅಂಕಿ ಯಾರ ಸಾಧನೆ? ಜಿಂಕೆಯದ್ದು, ಅದು ಮೇಯ್ದ ನೆಲದ್ದು, ಅದನ್ನ ಬೆಳೆಯೋಕೆ ಬಿಟ್ಟ ವರ್ಷಗಳದ್ದು. ಪ್ರತಿ ವರ್ಷ ಬಿದ್ದು ಮತ್ತೆ ಹುಟ್ಟುವ ಕೊಂಬು ಆ ಗಾತ್ರಕ್ಕೆ ಬರಬೇಕಾದರೆ ಗಂಡು ಜಿಂಕೆಗೆ ವಯಸ್ಸಾಗಬೇಕು, ಹೊಟ್ಟೆ ತುಂಬ ಮೇವು ಸಿಗಬೇಕು. ನಮ್ಮ ರಾಜ್ಯದ ಬಫಲೋ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಸರು ಪುಸ್ತಕದಲ್ಲಿ ಅಷ್ಟು ಸಲ ಬರೋದೂ ಇದಕ್ಕೇ, ಅಲ್ಲಿನ ಬೇಟೆಗಾರರ ಗುರಿ ಬೇರೆಯವರಿಗಿಂತ ಚೆನ್ನಾಗಿದೆ ಅಂತ ಅಲ್ಲ.

ಹೆಸರಿನ ಹಿಂದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಜೇಮ್ಸ್ ಜೋರ್ಡನ್ ಕತೆ ಕೇಳಿ. 1914ರಲ್ಲಿ ಇದೇ ವಿಸ್ಕಾನ್ಸಿನ್‌ನ ಡ್ಯಾನ್‌ಬರಿ ಹತ್ತಿರ ಒಂದು ಜಿಂಕೆ ಹೊಡೆದರು. ತಲೆಯನ್ನು ಗೋಡೆಗೆ ಹಾಕೋ ಹಾಗೆ ಸಿದ್ಧಮಾಡಿಕೊಡುವ ಟ್ಯಾಕ್ಸಿಡರ್ಮಿಸ್ಟ್ ಒಬ್ಬನ ಕೈಗೆ ಕೊಟ್ಟರು, ಅವನು ಊರೇ ಬಿಟ್ಟ, ಕೊಂಬೂ ಹೋಯ್ತು. ದಶಕಗಳ ನಂತರ ಮಿನ್ನೆಸೋಟದಲ್ಲಿ ಹಳೇ ಸಾಮಾನಿನ ಮಾರಾಟದಲ್ಲಿ ಮೂರು ಡಾಲರಿಗೆ ಮಾರಾಟವಾಯ್ತು. ಅಳೆದು ನೋಡಿದರೆ ಮಾಮೂಲಿ ಕೊಂಬಿನ ಪಟ್ಟಿಯಲ್ಲಿ ಆ ಕಾಲಕ್ಕೆ ವಿಶ್ವ ದಾಖಲೆ, 206 1/8! ಮೊದಲು ಮಿನ್ನೆಸೋಟದ ಜಿಂಕೆ ಅಂತಲೇ ಪುಸ್ತಕಕ್ಕೆ ಹೋಯ್ತು. ಹೊಡೆದದ್ದು ನಾನು ಅಂತ ಜೋರ್ಡನ್ ಹೇಳುತ್ತಲೇ ಇದ್ದರು, 1978ರಲ್ಲಿ ಕ್ಲಬ್ ಒಪ್ಪುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಎಲ್ಲರೂ ಇದನ್ನು ಅವರಿಗಾದ ಅನ್ಯಾಯ ಅಂತ ಹೇಳುತ್ತಾರೆ, ಅನ್ಯಾಯ ಹೌದು. ಆದರೆ ಅಷ್ಟು ವರ್ಷ ಪುಸ್ತಕದಲ್ಲಿ ಜಿಂಕೆಯ ಊರೇ ತಪ್ಪಾಗಿತ್ತಲ್ಲ, ಅದರ ಬಗ್ಗೆ ಯಾರೂ ಮಾತಾಡಲ್ಲ. ಅದೇ ಪಟ್ಟಿಯಲ್ಲಿ ಇವತ್ತಿನ ದಾಖಲೆ ಕೆನಡಾದ ಮೈಲೋ ಹ್ಯಾನ್ಸನ್ 1993ರಲ್ಲಿ ಹೊಡೆದದ್ದು, 213 5/8. ಎಲ್ಲರ ಬಾಯಲ್ಲೂ ಅದು "ಹ್ಯಾನ್ಸನ್ ಬಕ್", ಅಂದ್ರೆ ಹ್ಯಾನ್ಸನ್‌ನ ಗಂಡು ಜಿಂಕೆ. ಆ ಜಿಂಕೆಗೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಿದವರನ್ನ ನಾನು ನೋಡಿಲ್ಲ.

ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಸಂಗಡಿಗರು 1887ರಲ್ಲಿ ಈ ಕ್ಲಬ್ ಕಟ್ಟಿದಾಗ ಅಮೆರಿಕದ ದೊಡ್ಡ ಪ್ರಾಣಿಗಳು ಮುಗಿದೇಹೋಗುತ್ತವೆ ಅನ್ನೋ ಭಯ ಇತ್ತು. ಕೊನೇಪಕ್ಷ ಏನಿತ್ತು ಅಂತ ಬರೆದಿಡೋಣ ಅನ್ನೋ ಕಾಳಜಿಯಿಂದ ಶುರುವಾದ ಕೆಲಸ ಇದು. ಈಗ ಅದೇ ಅಂಕಿ ನೋಡಿ ಬೇಲಿಯೊಳಗೆ ಜಿಂಕೆ ಸಾಕುತ್ತಾರೆ, ಹೊಡೆಯೋಕೆ ಬರುವವರಿಗೆ ಇಂಚಿಗಿಷ್ಟು ಅಂತ ರೇಟ್ ಕಟ್ಟುತ್ತಾರೆ. ಬೇಲಿಯೊಳಗೆ ಹೊಡೆದದ್ದನ್ನ ಕ್ಲಬ್ ಸೇರಿಸಲ್ಲ, ಅದು ಒಳ್ಳೆಯ ನಿಯಮ. ಆದರೆ ಹೆಸರಿನ ಆಸೆ ಹುಟ್ಟಿಸಿದ್ದು ಈ ಪುಸ್ತಕಗಳೇ ಅಲ್ವಾ?

ಹೆಸರಿಲ್ಲ ಅಂದ್ರೆ ಯಾರೂ ಅಳೆಸೋಕೇ ಬರಲ್ಲ, ಮಾಹಿತಿ ಎಲ್ಲಿಂದ ಬರುತ್ತೆ ಅಂತ ಆ ಅಳತೆಗಾರರೇ ನನ್ನ ಹತ್ತಿರ ವಾದ ಮಾಡಿದರು. ಸರಿ, ಬೇಟೆಗಾರನಿಗೆ ಸರ್ಟಿಫಿಕೇಟ್ ಕೊಡಿ, ಫ್ರೇಮ್ ಹಾಕಿಸಿ ಮನೇಲಿ ನೇತುಹಾಕಲಿ. ನಿಯಮ ಪಾಲಿಸಿದ್ದೇನೆ ಅಂತ ಸಹಿ ಹಾಕಿದ ಕಾಗದ ಕ್ಲಬ್ಬಿನ ಕಡತದಲ್ಲಿರಲಿ. ಪುಸ್ತಕದಲ್ಲಿ ಮಾತ್ರ ಕೌಂಟಿ, ವರ್ಷ, ಅಳತೆ, ಸತ್ತದ್ದು ಹೇಗೆ, ಸಾಧ್ಯವಾದರೆ ಹಲ್ಲು ನೋಡಿ ವಯಸ್ಸು. ಇಷ್ಟೇ ಅಚ್ಚಾಗಲಿ.